ಊಟದ ಮೇಜಿಗೆ ಹಲಸೋ, ಸಾಗುವಾನಿಯೋ?

ಒಂದು ಸೀರೆ ಕೊಳ್ಳಬೇಕಾದರೆ ನಾವು ಹಂಪನಕಟ್ಟೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ಸೆರಗು ಬಿಡಿಸಿ, ಬಾಗಿಲ ಬಳಿಯ ಬೆಳಕಿಗೆ ಹಿಡಿದು, ಬಣ್ಣ ಹೋಗುತ್ತದಾ ಅಂತ ಎರಡೆರಡು ಸಲ ಕೇಳುತ್ತೇವೆ. ಆದರೆ ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟು ಮಾಡಿಸುವ ಊಟದ ಮೇಜಿನ ಮಾತು ಬಂದಾಗ? ‘ಅದು ಮರದ ವಿಷಯ, ಅವರೇ ನೋಡಿಕೊಳ್ಳಲಿ’ ಎಂದು ಸುಮ್ಮನಾಗುತ್ತೇವೆ. ಯಜಮಾನರೂ ಆಚಾರಿಯೂ ಹೋಗಿ ಮರ ಗೊತ್ತುಮಾಡಿ ಬರುತ್ತಾರೆ. ಮೇಜು ಮನೆಗೆ ಬಂದ ಮೇಲೆ ಮುಂದಿನ ಇಪ್ಪತ್ತು ವರ್ಷ ಅದನ್ನು ದಿನಕ್ಕೆ ಮೂರು ಹೊತ್ತು ಒರೆಸುವವರು ಮಾತ್ರ ನಾವು!

ಹಾಗಾದರೆ ಮರ ಆರಿಸುವಾಗಲೂ ನಾವಿರಬೇಕಲ್ಲವೇ? ಇದಕ್ಕೇನೂ ದೊಡ್ಡ ವಿದ್ಯೆ ಬೇಡ. ಒಳ್ಳೆ ಬದನೆಕಾಯಿ ಆರಿಸುವ ಕಣ್ಣು, ಮೀನಿನ ಕಿವಿರು ಎತ್ತಿ ನೋಡುವ ಎಚ್ಚರ ನಮಗೆ ಉಂಟು. ಅದನ್ನೇ ಸ್ವಲ್ಪ ಮರದ ಕಡೆಗೆ ತಿರುಗಿಸಿದರೆ ಸಾಕು.

ಮಣೆಯಿಂದ ಮೇಜಿಗೆ

ನಮ್ಮ ಊರಿನ ಹಳೆಯ ಮನೆಗಳಲ್ಲಿ ಊಟದ ಮೇಜು ಎಂಬುದೇ ಇರಲಿಲ್ಲ ಅನ್ನಿ. ಚಾವಡಿಯಲ್ಲಿ ಸಾಲಾಗಿ ಮಣೆ ಹಾಕಿ, ಬಾಳೆಲೆ ಹಾಸಿ ಬಡಿಸುತ್ತಿದ್ದರು. ಆ ಮಣೆಗಳು ಹೆಚ್ಚಾಗಿ ಹಲಸಿನ ಮರದವು. ಈಗ ಅತ್ತೆಯವರಿಗೆ ಮಂಡಿನೋವು, ಮಾವನವರಿಗೆ ಬಗ್ಗಿದರೆ ತಲೆಸುತ್ತು. ಹೀಗಾಗಿ ಮೇಜು ಶೋಕಿಯ ವಸ್ತುವಾಗಿ ಉಳಿದಿಲ್ಲ, ಮನೆಗೆ ಬೇಕೇ ಬೇಕು.

ಅದರಲ್ಲೂ ಇತ್ತೀಚೆಗೆ ಎಲ್ಲರಿಗೂ ‘ಫಾರ್ಮ್‌ಹೌಸ್’ ಮಾದರಿಯ ಮೇಜಿನ ಆಸೆ. ದಪ್ಪ ಹಲಗೆ, ನೇರವಾದ ಗಟ್ಟಿ ಕಾಲು, ಒಂದು ಬದಿಗೆ ಉದ್ದ ಬೆಂಚು, ಮರದ ಗೆರೆ ಗಂಟು ಎಲ್ಲ ಕಾಣುವ ಹಾಗೆ ತೆಳು ಪಾಲಿಶ್. ನಮ್ಮ ಪುತ್ತೂರು, ಬೆಳ್ತಂಗಡಿ ಕಡೆಯ ತೋಟದ ಮನೆಯ ಜಗಲಿಯಲ್ಲಿ ಇಂಥದ್ದೇ ಬೆಂಚು ನೋಡಿ ಬೆಳೆದವರು ನಾವು. ಆದರೆ ಇಂಥ ಮೇಜಿನಲ್ಲಿ ಒಂದು ವಿಷಯ ಉಂಟು. ಬಟ್ಟೆ ಹಾಸಿ, ಮೈಕಾ ಅಂಟಿಸಿ ಮುಚ್ಚುವ ಹಾಗಿಲ್ಲ. ಮರವೇ ಮುಖ. ಮರ ಕೆಟ್ಟದಾದರೆ ಮೇಜೇ ಕೆಟ್ಟ ಹಾಗೆ.

ಮೊದಲು ನಮ್ಮ ಮಳೆಯನ್ನು ನೆನೆಯಿರಿ

ಜೈಪುರದ ಮೇಜು ಜೈಪುರದಲ್ಲಿ ಚೆನ್ನ. ಮಂಗಳೂರಿನ ಕಥೆ ಬೇರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬ ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮರವೂ ಹಾಗೆಯೇ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ಒಣಗಿ ಕುಗ್ಗುತ್ತದೆ.

ಇದರಲ್ಲೊಂದು ಗುಟ್ಟುಂಟು. ಹಲಗೆ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಬದಲಾಗುವುದು ಅಡ್ಡಕ್ಕೆ, ಅಂದರೆ ಅಗಲದಲ್ಲಿ. ಮೂರು ಅಡಿ ಅಗಲದ ಮೇಜಿನ ಮೇಲ್ಮೈ ಬೇಸಗೆಯಿಂದ ಮಳೆಗಾಲಕ್ಕೆ ಕಾಲು ಇಂಚಿನಷ್ಟು ಹಿಗ್ಗಬಹುದು. ಹಸಿ ಮರವಾದರಂತೂ ಮೊದಲ ಬೇಸಗೆಯಲ್ಲೇ ಸೊಟ್ಟಗಾಗಿ, ಹಲಗೆಗಳ ನಡುವೆ ಸಂದು ಬಿಟ್ಟು, ಆ ಸಂದಿನಲ್ಲಿ ಅನ್ನದ ಅಗುಳು, ಇರುವೆ...

ಆದ್ದರಿಂದ ಯಾವ ಮರ ಎಂಬ ಪ್ರಶ್ನೆಗಿಂತ ಮೊದಲ ಪ್ರಶ್ನೆ, ಮರ ಒಣಗಿದೆಯಾ? ಒಂದು ಇಂಚು ದಪ್ಪದ ಹಲಗೆ ನೆರಳಿನಲ್ಲಿ, ಗಾಳಿಯಾಡುವಂತೆ ಪಟ್ಟಿ ಇಟ್ಟು ಪೇರಿಸಿದರೆ ಒಣಗಲು ಸುಮಾರು ಒಂದು ವರ್ಷ ಬೇಕು ಎಂಬುದು ಹಳೆ ಲೆಕ್ಕ. ಅಷ್ಟು ಕಾಯಲಾಗದವರಿಗೆ ಯಂತ್ರದ ಬಿಸಿ ಕೋಣೆಯಲ್ಲಿ ಒಣಗಿಸಿದ ಮರ ಸಿಗುತ್ತದೆ. ನಮ್ಮ ಕರಾವಳಿಗೆ ಮರದಲ್ಲಿ ಶೇ. 12ರಿಂದ 15ರಷ್ಟು ತೇವ ಉಳಿದಿದ್ದರೆ ಸಾಕು. ತೇವ ಅಳೆಯುವ ಸಣ್ಣ ಮೀಟರ್ ಒಳ್ಳೆಯ ಮಿಲ್ಲುಗಳಲ್ಲಿ ಇರುತ್ತದೆ. ‘ಸ್ವಲ್ಪ ಹಚ್ಚಿ ತೋರಿಸಿ’ ಎಂದು ಕೇಳುವುದರಲ್ಲಿ ನಾಚಿಕೆ ಏನು?

ಚೇಗು ಎಂಬ ಬಂಗಾರ

ಎರಡನೆಯ ಪ್ರಶ್ನೆ ಚೇಗಿನದು. ಮರದ ತುಂಡಿನ ಅಡ್ಡಕೊಯ್ತ ನೋಡಿ. ನಡುವೆ ಬಣ್ಣ ಗಾಢ, ತೊಗಟೆಯ ಕಡೆ ಬಿಳಿಚು. ಗಾಢ ಭಾಗವೇ ಚೇಗು. ಗೆದ್ದಲಿಗೂ ಹುಳಕ್ಕೂ ಬೇಡವಾದ ಕಹಿ, ಎಣ್ಣೆ ಎಲ್ಲ ಇರುವುದು ಅಲ್ಲಿಯೇ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ, ಸಕ್ಕರೆ ಹೆಚ್ಚು. ಹುಳಕ್ಕೆ ಅದು ಮದುವೆ ಊಟ! ಅತ್ಯುತ್ತಮ ಸಾಗುವಾನಿಯ ಬಿಳಿ ಭಾಗವೂ ಹುಳ ಹಿಡಿಯುತ್ತದೆ.

ನಮಗೆ ಗೊತ್ತಿರುವ ಮನೆಯೊಂದರಲ್ಲಿ ಹೊಸ ಮೇಜಿನ ಕಾಲ ಬುಡದಲ್ಲಿ ದಿನಾ ಬೆಳಿಗ್ಗೆ ಅಕ್ಕಿಹಿಟ್ಟಿನಂಥ ಪುಡಿ ಬೀಳುತ್ತಿತ್ತು. ರಂಗೋಲಿ ಪುಡಿ ಇರಬೇಕೆಂದು ಆ ಅಕ್ಕ ಗುಡಿಸಿ ಗುಡಿಸಿ ಹಾಕಿದರು. ಆರೇಳು ತಿಂಗಳಲ್ಲಿ ಕಾಲಿನ ತುಂಬ ಸೂಜಿ ಚುಚ್ಚಿದಂಥ ತೂತು. ಕೊನೆಗೊಂದು ದಿನ ಸಾರಿನ ಪಾತ್ರೆ ಇಡುತ್ತಿದ್ದ ಹಾಗೆ ಕಾಲು ಮುರಿದು ಮೇಜು ವಾಲಿತು. ಪಕ್ಕದಲ್ಲೇ ಕೂತಿದ್ದ ಮಗುವನ್ನು ಎಳೆದುಕೊಂಡದ್ದರಿಂದ ಸುಡುವ ಸಾರು ನೆಲಕ್ಕಷ್ಟೇ ಚೆಲ್ಲಿತು. ಅಂಗಡಿಯವರನ್ನು ಕೇಳಿದರೆ ‘ನಿಮ್ಮ ಮನೆ ಹುಳ ಮೇಡಂ’ ಅಂದರಂತೆ. ಮೇಜಿನ ಕಾಲೆಲ್ಲ ಬಿಳಿ ಭಾಗದ್ದೇ ಆಗಿತ್ತು. ಬಣ್ಣ ಬಳಿದು ಮುಚ್ಚಿದ್ದರು, ಅಷ್ಟೆ.

ಆದ್ದರಿಂದ ಬಣ್ಣ ಹಚ್ಚುವ ಮೊದಲೇ ಮರ ನೋಡಬೇಕು ಎಂಬುದನ್ನು ಗಂಟುಹಾಕಿಕೊಳ್ಳಿ.

ಯಾವ ಮರದ ಗುಣ ಏನು?

ಸಾಗುವಾನಿ: ತೇಗ ಅಂದರೂ ಇದೇ. ರಾಜ ಮರ, ಅನುಮಾನವೇ ಬೇಡ. ಒಳಗೆ ತನ್ನದೇ ಎಣ್ಣೆ ಇರುವುದರಿಂದ ತೇವಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಸೊಟ್ಟಗಾಗುವುದಿಲ್ಲ, ಚೇಗಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. 1817ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಮಲಬಾರಿನ ಸಾಗುವಾನಿಯಿಂದ ಕಟ್ಟಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ ಎಂದರೆ ಊಹಿಸಿ! ನಮ್ಮ ದಾಂಡೇಲಿ, ಕೇರಳದ ನಿಲಂಬೂರು ಸಾಗುವಾನಿಗೆ ಹೆಸರಾದ ಜಾಗಗಳು. ನಿಲಂಬೂರಿನಲ್ಲಿ 1840ರ ದಶಕದಲ್ಲೇ ತೇಗದ ನೆಡುತೋಪು ಶುರುವಾಗಿತ್ತು.

ಆದರೆ ‘ಸಾಗುವಾನಿ’ ಎಂಬ ಹೆಸರಿಗೇ ದುಡ್ಡು ಕೊಡಬೇಡಿ. ಹದಿನೈದು ಇಪ್ಪತ್ತು ವರ್ಷದ ಎಳೆಯ ಮರದಲ್ಲಿ ಚೇಗು ಕಡಿಮೆ, ಬಿಳಿ ಭಾಗ ಹೆಚ್ಚು. ಅದಕ್ಕಿಂತ ಬಲಿತ ಹಲಸು ಎಷ್ಟೋ ಮೇಲು. ಹಾಗೆಯೇ ‘ಬರ್ಮಾ ಟೀಕ್’ ಎಂದು ಕಣ್ಣು ಮಿಟುಕಿಸಿ ಹೇಳಿದರೆ ದಾಖಲೆ ಕೇಳಿ. ಮ್ಯಾನ್ಮಾರ್ ದೇಶ 2014ರ ಏಪ್ರಿಲ್‌ನಿಂದ ದಿಮ್ಮಿಗಳನ್ನು ಹೊರಗೆ ಕಳಿಸುವುದನ್ನೇ ನಿಷೇಧಿಸಿತ್ತು.

ಹಲಸು: ನನ್ನನ್ನು ಕೇಳಿದರೆ ನಮ್ಮ ಮಂಗಳೂರಿಗರ ಬಜೆಟ್ಟಿಗೆ ಇದೇ ಜಾಣ ಆಯ್ಕೆ. ಗುಜ್ಜೆ ಪಲ್ಯದಿಂದ ಹಪ್ಪಳದವರೆಗೆ ತಿಂದ ಋಣವೂ ಉಂಟಲ್ಲ! ಕೊಯ್ದಾಗ ಬಾಳೆಹಣ್ಣಿನ ಹಳದಿ, ವರ್ಷ ಕಳೆದ ಹಾಗೆ ಜೇನಿನ ಕಂದು. ವೀಣೆ, ಮೃದಂಗ, ಯಕ್ಷಗಾನದ ಮದ್ದಳೆ ಎಲ್ಲಕ್ಕೂ ಇದೇ ಮರ. ಬೌದ್ಧ ಭಿಕ್ಷುಗಳ ಕಾವಿಗೆ ಹಳದಿ ಬಣ್ಣ ಕಟ್ಟಲು ಕೂಡ ಹಲಸಿನ ಚೇಗಿನ ಚಕ್ಕೆ ಬಳಸುವ ರೂಢಿ ಹಿಂದಿನಿಂದ ಇದೆ. ಚೇಗು ಗೆದ್ದಲನ್ನು ಸಾಕಷ್ಟು ತಡೆಯುತ್ತದೆ, ಕೀಸುಳಿಗೆ ಚೆನ್ನಾಗಿ ಒಲಿಯುತ್ತದೆ. ಆದರೆ ಬಿಳಿ ಭಾಗವನ್ನು ಪೂರ್ತಿ ತೆಗೆಸಲೇಬೇಕು. ತಿಳಿ ಬಣ್ಣವಾದ್ದರಿಂದ ಮೊದಮೊದಲು ಅರಿಸಿನದ ಕಲೆ ಎದ್ದು ಕಾಣುತ್ತದೆ ಎಂಬುದೂ ನೆನಪಿರಲಿ.

ಹೆಬ್ಬಲಸು: ತುಳುವಿನಲ್ಲಿ ಪೆಜಕಾಯಿ ಮರ. ಹಲಸಿನ ಕಾಡುತಂಗಿ. ಕರಾವಳಿಯಲ್ಲಿ ದೋಣಿ ಕಟ್ಟಲು ಬಳಸುತ್ತಿದ್ದ ಮರ ಅಂದ ಮೇಲೆ ನೀರಿಗೆ ಹೆದರುವುದಿಲ್ಲ ಎಂದಾಯಿತು. ಉದ್ದಕ್ಕೆ, ನೇರವಾಗಿ ಬೆಳೆಯುವುದರಿಂದ ಅಗಲದ, ಗಂಟಿಲ್ಲದ ಹಲಗೆ ಸಿಗುತ್ತದೆ. ಒಣಗಿದ್ದು ಸಿಕ್ಕಿದರೆ ಬಿಡಬೇಡಿ.

ಕಿರಾಲ್‌ಬೋಗಿ: ಹಳೆ ಮನೆಗಳ ತೊಲೆ, ಕಂಬದ ಮರ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಮರ. ಕಬ್ಬಿಣದ ಹಾಗೆ ಗಟ್ಟಿ, ಮೊಳೆ ಹೊಡೆದರೆ ಮೊಳೆ ಬಗ್ಗುತ್ತದೆ. ಒಂದು ಘನ ಅಡಿ ಸಾಗುವಾನಿ ಸುಮಾರು 18 ಕಿಲೋ ತೂಗಿದರೆ ಇದು 25 ಕಿಲೋ ದಾಟುತ್ತದೆ. ಇಡೀ ಮೇಜು ಇದರದ್ದಾದರೆ ಗುಡಿಸುವಾಗ ಸರಿಸುವವರು ಯಾರು? ಕಾಲಿಗೆ ಮಾತ್ರ ಬಳಸಿದರೆ ಚೆನ್ನ.

ಬೀಟೆ: ನೋಡಲು ರಾಜಗಾಂಭೀರ್ಯ, ಬೆಲೆಯೂ ಹಾಗೆಯೇ. ಕಾಡಿನಲ್ಲಿ ಈ ಮರ ಕಡಿಮೆಯಾಗುತ್ತಿದೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ಅಜ್ಜಿಮನೆಯಿಂದ ಬಂದ ಬೀಟೆಯ ಮೇಜು ಇದ್ದರೆ ಜೋಪಾನ ಮಾಡಿ, ಹೊಸದಕ್ಕೆ ಆಸೆ ಪಡುವುದು ಬೇಡ. ಉತ್ತರದಿಂದ ಬರುವ ‘ಶೀಶಮ್’ ಇದರ ದಾಯಾದಿ, ಬೀಟೆಯೇ ಅಲ್ಲ. ಅದನ್ನು ‘ರೋಸ್‌ವುಡ್’ ಎಂದು ಮಾರುವುದುಂಟು.

ಅಕೇಶಿಯಾ: ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಸರ್ಕಾರ ನೆಟ್ಟು ಬೆಳೆಸಿದ ಮರ. ಸೌದೆ ಎಂದು ಮೂಗು ಮುರಿಯುತ್ತಿದ್ದೆವು. ಬಲಿತ ಮರದ ಚೇಗು ಗಟ್ಟಿಯಾಗಿ, ಕಂದುಬಣ್ಣದಲ್ಲಿ ಸುಂದರವಾಗಿಯೇ ಇರುತ್ತದೆ. ಆದರೆ ಒಣಗುವಾಗ ಬಿರಿಯುವ, ತಿರುಚುವ ಗುಣ ಇದೆ. ಸಾಗುವಾನಿಯ ಬಣ್ಣ ಹಚ್ಚಿ ಮೋಸ ಮಾಡಲು ಸುಲಭವಾದದ್ದೂ ಇದೇ.

ಮಾವು, ರಬ್ಬರ್: ಎರಡೂ ಅಗ್ಗ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟ ಮರವನ್ನು ಕಡಿದು ಹೊಸ ಸಸಿ ನೆಡುತ್ತಾರೆ. ಹಾಗಾಗಿ ಕಾಡು ಕಡಿದ ಪಾಪ ಇದಕ್ಕಿಲ್ಲ. ಆದರೆ ಈ ಮರದಲ್ಲಿ ಪಿಷ್ಟ ತುಂಬ, ಹುಳಕ್ಕೆ ಪ್ರಾಣ. ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡದಲ್ಲಿ ಒಳಗೆ ಇಳಿಸಿ ಸಂಸ್ಕರಿಸಿದ್ದಾದರೆ ಮಾತ್ರ ಕೊಳ್ಳಿ. ‘ಹಚ್ಚಿದ್ದೇವೆ’ ಎಂದರೆ ಸಾಲದು, ಬಿಲ್ಲಿನಲ್ಲಿ ಬರೆಸಿ.

ಹಳೆ ಹಂಚಿನ ಮನೆಯ ತೊಲೆ

ಈಗ ನಮ್ಮೂರಿಗೇ ವಿಶೇಷವಾದ ಒಂದು ದಾರಿ ಹೇಳುತ್ತೇನೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಊರಿಗೆ ಊರೇ ಕೆಂಪು ಮಾಡು ಹೊದ್ದುಕೊಂಡಿತು. ಆ ಹಂಚನ್ನು ಹೊರಲು ಹಲಸು, ಕಿರಾಲ್‌ಬೋಗಿ, ಸಾಗುವಾನಿಯ ತೊಲೆ, ಪಕ್ಕಾಸು ಹಾಕಿದರು. ಈಗ ಆ ಮನೆಗಳು ಒಂದೊಂದೇ ಉರುಳಿ ಫ್ಲ್ಯಾಟ್ ಏಳುತ್ತಿವೆ. ಮರ ಮಾತ್ರ ಹಳೆ ಸಾಮಾನಿನ ಅಂಗಡಿ ಸೇರುತ್ತದೆ.

ಐವತ್ತು, ಎಂಬತ್ತು ಮಳೆಗಾಲ ಕಂಡ ತೊಲೆಗಿಂತ ಚೆನ್ನಾಗಿ ಒಣಗಿದ ಮರ ಎಲ್ಲಿ ಸಿಗುತ್ತದೆ ಹೇಳಿ? ಆಡುವುದಾದರೆ ಇಷ್ಟು ಹೊತ್ತಿಗೆ ಆಡಿ ಮುಗಿದಿರುತ್ತದೆ. ತೋಟದ ಮನೆಯ ಮೇಜಿಗೆ ಬೇಕಾದ ಆ ಹಳೆ ಕಳೆಯೂ ಬಿಟ್ಟಿಯಾಗಿ ಬರುತ್ತದೆ. ಆದರೆ ಮೂರು ವಿಷಯ ನೋಡಿ. ಗೋಡೆಯೊಳಗೆ ಹೂತಿದ್ದ ತುದಿಗೆ ಗೆದ್ದಲು ಹಿಡಿದಿರಬಹುದು, ಕತ್ತರಿಸಿ ಬಿಸಾಡಿ. ಒಳಗೆ ಮುರಿದ ಮೊಳೆ ಇದ್ದರೆ ಗರಗಸದ ಹಲ್ಲು ಹೋಗುತ್ತದೆ, ಅಯಸ್ಕಾಂತ ಹಿಡಿದು ಹುಡುಕಬೇಕು. ಇನ್ನೊಂದು, ಹಿಂದಿನವರು ತೊಲೆಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯ ಆ ಕಪ್ಪೆಣ್ಣೆ ಹುಳಕ್ಕೆ ರಾಮಬಾಣ, ನಮ್ಮ ಚರ್ಮಕ್ಕೂ ಉರಿ. ಅದು ಇಳಿದಿರುವ ಮೇಲ್ಪದರವನ್ನು ಪೂರ್ತಿ ಕೀಸಿ ತೆಗೆಸದೆ ಊಟದ ಮೇಜಿಗೆ ಬಳಸಬಾರದು.

ತವರಿನ ತೋಟದ ಹಲಸು ಗಾಳಿಗೆ ಬಿದ್ದಿದೆಯೇ? ಅದೃಷ್ಟ! ಆದರೆ ಪಿಕಪ್ ತರಿಸಿ ತುಂಬಿಸಿಬಿಡಬೇಡಿ. ಸ್ವಂತ ಜಾಗದ ಮರ ಕಡಿಯಲೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976ರ ಪ್ರಕಾರ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ದಿಮ್ಮಿ ಸಾಗಿಸಲು ಪಾಸ್ ಬೇಕಾಗಬಹುದು. ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲು ಒಂದು ಮಾತು ಕೇಳಿದರೆ ಚೆಕ್‌ಪೋಸ್ಟಿನಲ್ಲಿ ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ.

ಲೆಕ್ಕ ನಿಮಗೂ ಗೊತ್ತಿರಲಿ

ಮರ ಮಾರುವುದು ಘನ ಅಡಿಯಲ್ಲಿ, ವ್ಯಾಪಾರದ ಭಾಷೆಯಲ್ಲಿ ‘ಸಿಎಫ್‌ಟಿ’. ಲೆಕ್ಕ ಸುಲಭ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ.

ಆರು ಜನರ ಮೇಜು ಅಂದರೆ 5 ಅಡಿ ಉದ್ದ, 3 ಅಡಿ ಅಗಲ. ಮೇಲಿನ ಹಲಗೆ ಒಂದೂಕಾಲು ಇಂಚು ದಪ್ಪ ಎಂದುಕೊಳ್ಳಿ. 5 × 36 × 1.25 ÷ 144, ಅಂದರೆ ಸುಮಾರು 1.56 ಘನ ಅಡಿ. ಮೂರು ಇಂಚು ಚೌಕದ, ಎರಡೂವರೆ ಅಡಿ ಎತ್ತರದ ನಾಲ್ಕು ಕಾಲಿಗೆ 0.63. ಕೆಳಗಿನ ಚೌಕಟ್ಟಿನ ಪಟ್ಟಿಗಳಿಗೆ ಸುಮಾರು 0.4. ಒಟ್ಟು 2.6ರ ಹತ್ತಿರ. ಕತ್ತರಿಸಿ, ಕೀಸಿ ಹಾಳಾಗುವುದಕ್ಕೆ ಕಾಲು ಭಾಗ ಸೇರಿಸಿದರೆ ಮೂರೂಕಾಲು ಘನ ಅಡಿ. ಕುರ್ಚಿ, ಬೆಂಚಿನ ಲೆಕ್ಕ ಬೇರೆ. ಬರೀ ಮೇಜಿಗೇ ‘ಆರು ಸಿಎಫ್‌ಟಿ ಬೇಕಕ್ಕ’ ಎಂದರೆ ‘ಯಾವ್ಯಾವುದಕ್ಕೆ ಎಷ್ಟು, ಸ್ವಲ್ಪ ಬರೆದು ಕೊಡ್ತೀರಾ ಆಚಾರ್ರೇ?’ ಎಂದು ನಗುನಗುತ್ತಲೇ ಕೇಳಿ.

ದಿಮ್ಮಿಯನ್ನೇ ಕೊಳ್ಳುವುದಾದರೆ ಲೆಕ್ಕ ಬೇರೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 60 ಇಂಚು ಸುತ್ತಳತೆಯ 8 ಅಡಿ ದಿಮ್ಮಿ ಎಂದರೆ 15 × 15 × 8 ÷ 144, ಹನ್ನೆರಡೂವರೆ ಘನ ಅಡಿ. ಅಷ್ಟೂ ಹಲಗೆಯಾಗಿ ಮನೆಗೆ ಬರುವುದಿಲ್ಲ. ತೊಗಟೆ, ಬಿಳಿ ಭಾಗ, ಗರಗಸದ ಪುಡಿ ಎಲ್ಲ ಕಳೆಯಬೇಕು. ಮಿಲ್ಲಿನ ಕೊಯ್ಲುಕೂಲಿಯನ್ನೂ ಸೇರಿಸಿ ನೋಡಿ.

ಆಚಾರಿಯವರ ಜೊತೆ ನಾಲ್ಕು ಮಾತು

ಒಳ್ಳೆ ಮರ ತಂದು ಜೋಡಣೆ ಕೆಟ್ಟರೆ ಏನು ಪ್ರಯೋಜನ? ಕೆಲಸ ಶುರುವಾಗುವ ಮೊದಲೇ ಇಷ್ಟು ಮಾತಾಡಿಕೊಳ್ಳಿ.

ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿಯಬಾರದು. ಆಗಲೇ ಹೇಳಿದ ಆ ಕಾಲು ಇಂಚು ಹಿಗ್ಗಲು ಜಾಗ ಬೇಕಲ್ಲ? ಸ್ಕ್ರೂ ಕೂರುವ ತೂತನ್ನು ಅಗಲದ ದಿಕ್ಕಿಗೆ ಸ್ವಲ್ಪ ಉದ್ದವಾಗಿ ಕೊರೆಯಲಿ. ಇಲ್ಲವಾದರೆ ಒಂದು ದಿನ ನಡುರಾತ್ರಿ ‘ಟಪ್’ ಎಂದು ಹಲಗೆ ಸೀಳುವ ಸದ್ದು ಕೇಳಬೇಕಾದೀತು.

ಕಾಲಿಗೂ ಪಟ್ಟಿಗೂ ಬರೀ ಮೊಳೆ ಬೇಡ. ಒಂದರ ನಾಲಿಗೆ ಇನ್ನೊಂದರ ತೂತಿಗೆ ಕೂರುವ ಹಳೆ ಕಾಲದ ಜೋಡಣೆಯೇ ಆಗಲಿ.

ಕಬ್ಬಿಣದ ಸ್ಕ್ರೂ ಬೇಡವೇ ಬೇಡ. ಸಮುದ್ರದ ಗಾಳಿಗೆ ತುಕ್ಕು ಹಿಡಿಯುವುದು ಒಂದು ಕಡೆ, ಮರದ ಒಗರಿಗೆ ಕಬ್ಬಿಣ ಸೇರಿ ಸುತ್ತ ಕಪ್ಪು ಕಲೆಯಾಗುವುದು ಇನ್ನೊಂದು ಕಡೆ. ಹಿತ್ತಾಳೆ ಅಥವಾ ಸ್ಟೀಲಿನದ್ದು ಹಾಕಿಸಿ.

ಮೇಜಿನ ಅಡಿಭಾಗಕ್ಕೂ ಪಾಲಿಶ್ ಹಚ್ಚಿಸಿ. ‘ಅಡಿ ಯಾರು ನೋಡ್ತಾರೆ?’ ಎನ್ನುತ್ತಾರೆ. ತೇವ ನೋಡುತ್ತದೆ! ಮೇಲೆ ಮಾತ್ರ ಹಚ್ಚಿದರೆ ಕೆಳಗಿನಿಂದ ತೇವ ಕುಡಿದು ಹಲಗೆ ಬಟ್ಟಲಿನ ಹಾಗೆ ಬಾಗುತ್ತದೆ.

ಪಾಲಿಶ್ ಯಾವುದು?

ಅರಗಿನ ಫ್ರೆಂಚ್ ಪಾಲಿಶ್ ನೋಡಲು ಚೆಂದ, ಆದರೆ ಬಿಸಿ ಗಂಜಿಯ ಪಾತ್ರೆ ಇಟ್ಟರೆ ಬಿಳಿ ಉಂಗುರ ಖಂಡಿತ. ದಿನಾ ಉಣ್ಣುವ ಮೇಜಿಗೆ ಪಿಯು ಪಾಲಿಶ್ ವಾಸಿ. ನೀರು, ಎಣ್ಣೆ, ಅರಿಸಿನ ಒಳಗಿಳಿಯುವುದಿಲ್ಲ. ಒಂದೇ ತೊಡಕು ಅಂದರೆ ಗೀರು ಬಿದ್ದರೆ ಮನೆಯಲ್ಲೇ ಸರಿಮಾಡುವುದು ಕಷ್ಟ. ತೋಟದ ಮನೆಯ ಸಹಜ ಕಳೆಯೇ ಬೇಕು ಎನ್ನುವವರು ಅಗಸೆ ಎಣ್ಣೆ ಹಚ್ಚಬಹುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ನಾವೇ ಮತ್ತೆ ಹಚ್ಚಿಕೊಂಡರಾಯಿತು. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಬಿಡಿಸಿ ಹರವಿ. ತೆಂಗಿನೆಣ್ಣೆ ತಲೆಗೇ ಇರಲಿ. ಅದು ಮರದ ಮೇಲೆ ಒಣಗುವುದಿಲ್ಲ, ಧೂಳು ಅಂಟಿ ಕಮಟು ವಾಸನೆ ಬರುತ್ತದೆ.

ರೆಡಿಮೇಡ್ ಕೊಳ್ಳುವವರಿಗೆ

ಆಚಾರಿ ಹುಡುಕಲು ಪುರುಸೊತ್ತಿಲ್ಲ ಎನ್ನುವವರು ಅಂಗಡಿಯಲ್ಲಿ ಮೇಜಿನ ಕೆಳಗೆ ಬಗ್ಗಿ ನೋಡಿ. ಮೇಲಿನ ಗೆರೆಯೂ ಕೆಳಗಿನ ಗೆರೆಯೂ ತಾಳೆಯಾದರೆ, ಅಂಚಿನಲ್ಲಿ ಗೆರೆ ಮುಂದುವರಿದಿದ್ದರೆ ಇಡಿ ಮರ. ಅಂಚಿಗೆ ಪಟ್ಟಿ ಅಂಟಿಸಿದ್ದರೆ ಒಳಗೆ ಪ್ಲೈವುಡ್ಡೋ ಒತ್ತಿದ ಪುಡಿಯ ಹಲಗೆಯೋ ಇರುತ್ತದೆ. ಪುಡಿಯ ಹಲಗೆಗೆ ನಮ್ಮ ಮಳೆಗಾಲದಲ್ಲಿ ನೀರು ತಾಗಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಗತಿ. ‘ಟೀಕ್ ಫಿನಿಶ್’ ಎಂದರೆ ಸಾಗುವಾನಿಯ ಬಣ್ಣ ಎಂದರ್ಥ, ಸಾಗುವಾನಿ ಎಂದಲ್ಲ. ಬಿಲ್ಲಿನಲ್ಲಿ ಮರದ ಹೆಸರು, ‘ಸಾಲಿಡ್ ವುಡ್’ ಎಂಬ ಮಾತು ಎರಡೂ ಇರಲಿ. ಬಹಳ ದುಡ್ಡಿನ ಮರ, ಅನುಮಾನವೂ ಉಂಟು ಎನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಈ ಸಂಸ್ಥೆಯಲ್ಲಿ ತುಂಡು ಮರ ನೋಡಿ ಜಾತಿ ಗುರುತಿಸಿ ಹೇಳುತ್ತಾರೆ.

ಮೇಜು ಬಂದ ಮೇಲೆ

* ಕಾಲಿನ ಬುಡಕ್ಕೆ ರಬ್ಬರ್ ಅಥವಾ ಹಿತ್ತಾಳೆಯ ಟೋಪಿ ಹಾಕಿಸಿ. ದಿನಾ ನೆಲ ಒರೆಸುವ ನೀರನ್ನು ಕಾಲು ಕೆಳಗಿನಿಂದ ಹೀರಿಕೊಳ್ಳುತ್ತದೆ, ಮೊದಲು ಕೊಳೆಯುವುದು ಅಲ್ಲೇ.
* ಮೇಜಿನ ಮೇಲೆ ಗಾಜು, ಪ್ಲಾಸ್ಟಿಕ್ ಹಾಳೆ ಬೇಡ. ಮಳೆಗಾಲದಲ್ಲಿ ಅಡಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ.
* ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಗೆದ್ದಲು ಬರುವುದು ಗೋಡೆಯಿಂದ.
* ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆ. ಪಾತ್ರೆ ತಿಕ್ಕುವ ನಾರು ಮರಕ್ಕೆ ತಾಗಿಸಬೇಡಿ.
* ತಿಂಗಳಿಗೊಮ್ಮೆ ಬಗ್ಗಿ ಅಡಿಭಾಗ ನೋಡಿ. ಬಿಳಿ ಪುಡಿಯೋ ಮಣ್ಣಿನ ಗೆರೆಯೋ ಕಂಡರೆ ಆ ದಿನವೇ ಕೆಲಸ ಶುರುಮಾಡಿ.
* ಬೆಂಗಳೂರಿನ ಮಗಳ ಮನೆಗೆಂದು ಇಲ್ಲಿ ಮಾಡಿಸುವುದಾದರೆ ಮರ ಇನ್ನೂ ಹೆಚ್ಚು ಒಣಗಿರಲಿ. ಅಲ್ಲಿಯ ಒಣಗಾಳಿಗೆ ನಮ್ಮ ಮರ ಬಿರುಕು ಬಿಡುತ್ತದೆ.

ಒಂದು ಕುರ್ಚಿ ಹೆಚ್ಚಿಗೆ

ಕೊನೆಯದಾಗಿ ಅಳತೆಯ ಮಾತು. ಮೇಜಿನ ಎತ್ತರ 30 ಇಂಚು, ಕುರ್ಚಿಯ ಆಸನ 17ರಿಂದ 18 ಇಂಚು ಇದ್ದರೆ ಮಂಡಿ ನೋವಿನವರಿಗೂ ಕೂತು ಏಳುವುದು ಹಗುರ. ಹಿರಿಯರಿಗೆ ಬೆಂಚಿಗಿಂತ ಕೈಯಿರುವ ಕುರ್ಚಿ ವಾಸಿ, ಬೆಂಚು ಮಕ್ಕಳಿಗಿರಲಿ. ಒಬ್ಬೊಬ್ಬರಿಗೆ ಎರಡು ಅಡಿ ಜಾಗ ಬೇಕು. ಈ ಲೆಕ್ಕದಲ್ಲಿ ಮನೆಯ ಜನರನ್ನು ಎಣಿಸಿ.

ಎಣಿಸುವಾಗ ನಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತೇವೆ ಗೊತ್ತೇ? ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳು, ಬಂದರೆ ಒಬ್ಬ ನೆಂಟ, ಸರಿ ಆರು ಎನ್ನುತ್ತೇವೆ. ನಮ್ಮನ್ನೇ ಬಿಟ್ಟಿರುತ್ತೇವೆ! ಎಲ್ಲರಿಗೂ ನೀರುದೋಸೆ ಹುಯ್ದು ಹಾಕಿ, ತಣ್ಣಗಾದ ಕೊನೆಯ ಎರಡನ್ನು ಅಡುಗೆಕಟ್ಟೆಗೆ ಒರಗಿ ನಿಂತು ತಿನ್ನುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಮೇಜಿನ ಲೆಕ್ಕದಲ್ಲೂ ನಾವು ಇರುವುದಿಲ್ಲ.

ಜಾಗ ಇದ್ದರೆ ಐದು ಅಡಿಯ ಬದಲು ಆರು ಅಡಿ ಮಾಡಿಸಿ. ಎರಡು ಬದಿಗೆ ಮೂರು ಮೂರು, ತುದಿಗೊಂದೊಂದು, ಎಂಟು ಜನ ಕೂರಬಹುದು. ಹೆಚ್ಚಿಗೆ ಬೇಕಾಗುವುದು ಅರ್ಧ ಘನ ಅಡಿಯೂ ಇಲ್ಲದಷ್ಟು ಮರ. ಸಾಗುವಾನಿಗೆ ದುಡ್ಡು ಸಾಲದಿದ್ದರೆ ಹಲಸಿಗೆ ಇಳಿಯಿರಿ, ಆದರೆ ನಿಮ್ಮ ಆ ಎರಡು ಅಡಿಯನ್ನು ಬಿಟ್ಟುಕೊಡಬೇಡಿ. ಹಿಟ್ಟಿನ ಪಾತ್ರೆ ಮುಚ್ಚಿಟ್ಟು, ಒಲೆ ಆರಿಸಿ, ಎಲ್ಲರ ಜೊತೆ ಬಿಸಿಬಿಸಿಯಾಗಿ ಕೂತು ಉಣ್ಣಿ. ಬೇಕಾದವರು ಎದ್ದು ಇನ್ನೊಂದು ದೋಸೆ ಹುಯ್ದುಕೊಳ್ಳಲಿ ಬಿಡಿ!